ಅಡ್ಡ ಹಿಡಿದರೆ ಕಪ್ಪಾಗುವ ಫೋನು

ಇವತ್ತು ಕುಂದಾಪುರದ ಮೊಬೈಲ್ ಅಂಗಡಿಯಲ್ಲಿ ದೊಡ್ಡ ಜಗಳ ಮಾರಾಯ್ರೆ. ಗಂಗೊಳ್ಳಿಯ ಮೀನುಗಾರ ಮಂಜಣ್ಣ ಹೊಸ ಫೋನನ್ನು ಮೇಜಿನ ಮೇಲಿಟ್ಟು, "ಅಡ್ಡ ಹಿಡ್ದ್ರೆ ಕಪ್ಪ್ ಆತ್ತ್, ಬದ್ಲ್ ಕೊಡಿ" ಅಂದರು. ಅಂಗಡಿಯವನು ಅಡ್ಡ ಹಿಡಿದು ನೋಡಿ, "ನಂಗ್ ಎಂತ ಕಪ್ಪೂ ಕಾಂತಿಲ್ಲ" ಅಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮಂಜಣ್ಣ ನೀರಿನ ಹೊಳಪು ತಡೆಯುವ ಕಪ್ಪು ಕನ್ನಡಕ ಹಾಕಿಕೊಂಡಿದ್ದರು.

ಫಿಸಿಕ್ಸ್ ಮೇಷ್ಟ್ರಲ್ಲವೇ, ನಾನು ನಡುವೆ ಬಾಯಿ ಹಾಕಿದೆ. ಕನ್ನಡಕದಲ್ಲಿ ಒಂದು ತೆಳು ಪದರವಿದೆ, ಅದನ್ನು ಎಳೆದು ಅದರ ಉದ್ದುದ್ದ ಅಣುಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸಿರುತ್ತಾರೆ, ಫೋನಿನ ಪರದೆಯಲ್ಲೂ ಅಂಥದೇ ಪದರವಿದೆ, ಒಂದಕ್ಕೊಂದು ಅಡ್ಡವಾದರೆ ಬೆಳಕು ದಾಟುವುದಿಲ್ಲ ಎಂದೆ.

ಮಂಜಣ್ಣ ಕನ್ನಡಕ ತೆಗೆದು ಪರದೆಯ ಮೇಲೆ ಹಿಡಿದು ನಿಧಾನವಾಗಿ ತಿರುಗಿಸಿದರು. ಆಮೇಲೆ ಫೋನನ್ನು ಜೇಬಿಗಿಟ್ಟರು.

"ಹಾಂಗಾರೆ ನೀರ್ ಮೇಲಿನ್ ಹೊಳಪೂ ಒಂದೇ ದಿಕ್ಕಿಗ್ ಮಲ್ಕಂಡೇ ಬಪ್ಪುದಾ? ಕನ್ನಡ್ಕ ಹಾಯ್ಕಂಡ್ ತಲೆ ವಾಲ್ಸ್ರೆ ಅದ್ ತಿರ್ಗ್ ಬತ್ತ್. ನೀವ್ ಕಂಡಿಲ್ಯಾ ಮಾಷ್ಟ್ರೆ?"

ಕಂಡಿರಲಿಲ್ಲ. ಹನ್ನೊಂದು ವರ್ಷ ಅದೇ ಪಾಠ ಮಾಡಿದ್ದೇನೆ, ಬೋರ್ಡಿನ ಮೇಲೆ.

ಈಗ ಅವರದೇ ಕನ್ನಡಕ ಹಾಕಿಕೊಂಡು ಗಂಗೊಳ್ಳಿ ಬಂದರಿನಲ್ಲಿ ತಲೆ ವಾಲಿಸಿ ನಿಂತಿದ್ದೇನೆ. ಹೊಳಪು ಬರುತ್ತದೆ, ಹೋಗುತ್ತದೆ. ಮೀನು ಮಾರುವ ಹೆಂಗಸೊಬ್ಬರು, "ಕುತ್ಗಿ ಉಳ್ಕಿತಾ?" ಎಂದು ವಿಚಾರಿಸಿ, ಎಣ್ಣೆ ಬಿಸಿ ಮಾಡಿ ಹಚ್ಚಲು ಹೇಳಿ ಹೋದರು.