ಹೇಮಾಳ ನಾಲ್ಕನೇ ಮಟ್ಟ ಮತ್ತು ನನ್ನ ಇಸ್ತ್ರಿಪೆಟ್ಟಿಗೆ

ಮೊನ್ನೆ ಆರ್.ಟಿ. ನಗರದ ಜೆರಾಕ್ಸ್ ಅಂಗಡಿಯೊಂದರ ಮುಂದೆ ನಿಂತಿದ್ದಾಗ ಒಳಗಿನಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಗಳ ಪದವಿ ಪ್ರಮಾಣಪತ್ರವನ್ನು ಲ್ಯಾಮಿನೇಷನ್ನಿಗೆ ಕೊಡುತ್ತಿದ್ದರು. ತಡೆಯಲಾಗಲಿಲ್ಲ. "ಬೇಡಮ್ಮಾ, ಅದನ್ನ ಮಾತ್ರ ಮಾಡಿಸ್ಬೇಡಿ!" ಎಂದು ಕೂಗಿಬಿಟ್ಟೆ. ಅಂಗಡಿಯವನು "ನಮ್ ಹೊಟ್ಟೆ ಮೇಲೆ ಯಾಕ್ ಸಾರ್ ಹೊಡೀತೀರಾ?" ಎಂದ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದ್ ಸಲ ಮಾಡ್ಸಿದ್ರೆ ಲೈಫ್ ಲಾಂಗ್ ಇರುತ್ತೆ ಸಾರ್" ಎಂದರು. ಇದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ, ನನ್ನ ಅಕ್ಕನ ಮಗಳು ಹೇಮಾಳಿಗೆ.

ನಾನು ಮೂವತ್ತು ವರ್ಷ ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿದ್ದವನು. ಗೆದ್ದಲು ತಿಂದ ಕಡತ, ಇಲಿ ಕಡಿದ ರಿಜಿಸ್ಟರ್ ಇವನ್ನೆಲ್ಲ ನೋಡಿ ನೋಡಿ ನನಗೆ ಕಾಗದದ ಮೇಲೆ ನಂಬಿಕೆಯೇ ಹೋಗಿತ್ತು. ಹಾಗಾಗಿ ಲ್ಯಾಮಿನೇಷನ್ ಎಂಬುದು ಬಂದಾಗ ಅದರ ಭಕ್ತನಾದೆ. ಗಂಗಾನಗರದ ನಮ್ಮ ಮನೆಯಲ್ಲಿ ಲ್ಯಾಮಿನೇಟ್ ಆಗದ ಕಾಗದವಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮಗನ ಜಾತಕ, ಕಡೆಗೆ ನಮ್ಮ ಮದುವೆಯ ಲಗ್ನಪತ್ರಿಕೆ ಕೂಡ. "ನನ್ನನ್ನೂ ಒಂದ್ಸಲ ಅದರೊಳಗೆ ತೂರಿಸಿಬಿಡಿ" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಹೇಮಾ ಅಬ್ಬಿಗೆರೆಯವಳು. ಬಿ.ಕಾಂ. ಮುಗಿಸಿ ಪೀಣ್ಯದ ಒಂದು ಕೊರಿಯನ್ ಬಿಡಿಭಾಗಗಳ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯ ಮ್ಯಾನೇಜರ್ ಸಿಟ್ಟು ಬಂದಾಗ ಕೊರಿಯನ್ನಿನಲ್ಲೇ ಬೈಯುತ್ತಿದ್ದರಂತೆ. ಏನೆಂದು ಬೈಸಿಕೊಳ್ಳುತ್ತಿದ್ದೇನೆ ಎಂಬುದಾದರೂ ತಿಳಿಯಲಿ ಎಂದು ಇವಳು ಆ ಭಾಷೆ ಕಲಿಯಲು ಹೊರಟಳು. ಆ ಮ್ಯಾನೇಜರರ ಹೆಂಡತಿ ಜಕ್ಕೂರಿನ ಅಪಾರ್ಟ್‌ಮೆಂಟಿನಲ್ಲಿ ಮಾತಿಗೆ ಜನ ಸಿಗದೆ ಬೇಸತ್ತಿದ್ದರು. ಭಾನುವಾರಗಳಲ್ಲಿ ಹೇಮಾ ಆಕೆಯ ಹತ್ತಿರ ಕೊರಿಯನ್ ಕಲಿಯುವುದು, ಪ್ರತಿಯಾಗಿ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಕನ್ನಡ ಕಲಿಸುವುದು ಎಂದಾಯಿತು. ಅವಳನ್ನು ಸ್ಕೂಟರಿನಲ್ಲಿ ಬಿಡುವ ಕೆಲಸ ನನ್ನದು. ನಾನು ಕೆರೆಯ ಏರಿಯ ಮೇಲೆ ಕೂತು, ಏರೋಡ್ರೋಮಿನಿಂದ ಏಳುವ ಪುಟಾಣಿ ವಿಮಾನಗಳನ್ನು ನೋಡುತ್ತ ಕಡಲೇಕಾಯಿ ತಿನ್ನುತ್ತಿದ್ದೆ. ನನ್ನ ಜೀವನದ ಒಳ್ಳೆಯ ಭಾನುವಾರಗಳು ಅವು.

ಮೂರು ವರ್ಷ ಕಲಿತಳು. ಚೆನ್ನೈಗೆ ಹೋಗಿ ಕೊರಿಯನ್ ಭಾಷಾ ಪರೀಕ್ಷೆ ಬರೆದಳು. ಅದರಲ್ಲಿ ಪಾಸು ಫೇಲು ಎಂಬುದಕ್ಕಿಂತ ಆರು ಮಟ್ಟಗಳಿವೆ. ಹೇಮಾಳಿಗೆ ನಾಲ್ಕನೆಯದು ಸಿಕ್ಕಿತು. ಕೊರಿಯಾಕ್ಕೇ ಹೋಗಿ ಓದಬೇಕೆಂಬ ಆಸೆ ಅಷ್ಟರಲ್ಲಿ ಅವಳಿಗೆ ಹುಟ್ಟಿತ್ತು; ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೀಟಿಗೂ, ಸ್ಕಾಲರ್‌ಶಿಪ್ಪಿಗೂ, ಆಮೇಲೆ ವೀಸಾಕ್ಕೂ ಅಷ್ಟು ಬೇಕು, ಅಷ್ಟು ಸಾಕು. ಆ ದಿನ ಅಕ್ಕನ ಮನೆಯಲ್ಲಿ ಒಬ್ಬಟ್ಟು. ನಾನು ಸೋದರಮಾವ, ನನ್ನದೂ ಏನಾದರೂ ಇರಬೇಡವೆ? ಅವಳಿಗೆ ಹೇಳದೆ ಅಕ್ಕನ ಬೀರುವಿನಿಂದ ಅವಳ ಪದವಿ ಪ್ರಮಾಣಪತ್ರ ಎತ್ತಿಕೊಂಡು ಹೋಗಿ, ಇರುವುದರಲ್ಲೇ ದಪ್ಪನೆಯ ಹಾಳೆಯಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದುಕೊಟ್ಟೆ. "ಒಂದ್ ಸಲ ಮಾಡ್ಸಿದ್ರೆ ಜೀವನಪೂರ್ತಿ ಇರುತ್ತೆ ಕಣಮ್ಮ" ಎಂದೆ. ಅವಳು ನಕ್ಕು ಕಾಲಿಗೆ ನಮಸ್ಕಾರ ಮಾಡಿದಳು.

ಅರ್ಜಿ ಹಾಕುವ ಹೊತ್ತು ಬಂದದ್ದು ವರ್ಷದ ಮೇಲೆ. ಅಷ್ಟರವರೆಗೆ ಅವಳಪ್ಪನ ಆಪರೇಷನ್ನು, ಮನೆಯ ರಿಪೇರಿ ಎಂದು ಒಂದಲ್ಲ ಒಂದು ಅಡ್ಡಿ. ವಿದೇಶಕ್ಕೆ ಕಳಿಸಬೇಕಾದರೆ ಪದವಿ ಪತ್ರದ ಹಿಂಬದಿಗೆ ನಮ್ಮ ಸರ್ಕಾರದ ಸೀಲು ಬೀಳಬೇಕು. ದೃಢೀಕರಣದ ಕಚೇರಿಯ ಗುಮಾಸ್ತ ಆ ಪತ್ರವನ್ನು ತಟ್ಟೆಯ ಹಾಗೆ ಬೆರಳಿನಿಂದ ಕುಟ್ಟಿ ನೋಡಿದ.

"ಪ್ಲಾಸ್ಟಿಕ್ ಮೇಲೆ ಸೀಲ್ ಎಲ್ಲಿ ಕೂರುತ್ತೆ ಸ್ವಾಮಿ? ಬಿಚ್ಚಿಸ್ಕೊಂಡ್ ಬನ್ನಿ."

"ಬಿಚ್ಚೋದು ಹೇಗ್ರೀ?"

"ಹಾಕ್ಸಿದವ್ರನ್ನ ಕೇಳಿ."

ಹಾಕಿಸಿದವನು ನಾನೇ. ಹೇಮಾ ಪತ್ರವನ್ನು ನನ್ನ ಕೈಗೇ ಕೊಟ್ಟಳು. "ಯಾರಾದ್ರೂ ಗೊತ್ತಿರೋರನ್ನ ವಿಚಾರಿಸ್ತೀನಿ ಮಾವ, ಅಲ್ಲೀವರೆಗೂ ನಿಮ್ಮತ್ರ ಇರ್ಲಿ" ಎಂದಳು. ಆದರೆ ನನಗೆ ತಡೆಯಲಾಗಲಿಲ್ಲ. ಬಿಸಿ ಕೊಟ್ಟರೆ ಅಂಟು ಬಿಡುತ್ತದೆ ಎಂದು ಬೀದಿಯಲ್ಲಿ ಯಾರೋ ಹೇಳಿದ್ದು ಸಾಕಾಯಿತು. ಮಾರನೆಯ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಇಸ್ತ್ರಿಪೆಟ್ಟಿಗೆ ಹಿಡಿದು ಕೂತೆ. ಅಂಟು ಬಿಟ್ಟಿತು, ಸುಳ್ಳು ಹೇಳಬಾರದು. ಜೊತೆಗೆ ಕುಲಪತಿಗಳ ಸಹಿಯೂ ಹೇಮಾಳ ಅರ್ಧ ಹೆಸರೂ ಪ್ಲಾಸ್ಟಿಕ್ಕಿನ ಜೊತೆಯಲ್ಲೇ ಎದ್ದು ಬಂದವು.

ಆಮೇಲಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಕಲು ಪ್ರಮಾಣಪತ್ರ ಬೇಕೆಂದು ವಿಶ್ವವಿದ್ಯಾಲಯಕ್ಕೆ ಹೋದರೆ, ಕಳೆದುಹೋಗಿದೆ ಎಂದು ಪೊಲೀಸ್ ದೂರು ತನ್ನಿ ಎಂದರು. "ಕಳೆದಿಲ್ಲ ಕಣ್ರೀ, ಇಲ್ಲೇ ಇದೆ, ನೋಡಿ" ಎಂದು ಸುಕ್ಕುಗಟ್ಟಿದ ಪತ್ರ ತೋರಿಸಿದೆ. "ಹಾಳಾಗಿದ್ರೆ ಬೇರೆ ಫಾರಂ, ಅದು ಖಾಲಿಯಾಗಿದೆ" ಎಂದರು. ಪೊಲೀಸ್ ಠಾಣೆಗೆ ಹೋದರೆ, ಕೈಯಲ್ಲಿ ಹಿಡಿದುಕೊಂಡು ಕಳೆದಿದೆ ಅನ್ನುತ್ತೀರಲ್ಲ ಎಂದು ನಕ್ಕರು. ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ, ಮತ್ತೆ ಕ್ಯೂ. ನಾನು ಎಲ್ಲರ ಮೇಲೂ ರೇಗಿದೆ. ಮೂವತ್ತು ವರ್ಷ ಇಂಥದೇ ಕಿಟಕಿಯ ಒಳಗೆ ಕೂತು "ನಾಳೆ ಬನ್ನಿ" ಎಂದವನು ನಾನು ಎಂಬುದು ಆಗ ನೆನಪಾಗಲಿಲ್ಲ. ನಕಲು ಪತ್ರ ಕೈಗೆ ಬರುವ ಹೊತ್ತಿಗೆ ಅರ್ಜಿಯ ಗಡುವು ಮುಗಿದು ಎರಡು ತಿಂಗಳಾಗಿತ್ತು.

"ಹೋಗ್ಲಿ, ಮುಂದಿನ ವರ್ಷ ಹಾಕಿದ್ರಾಯ್ತು" ಎಂದೆ. ಆಗ ಹೇಮಾ ಮೆಲ್ಲಗೆ ಹೇಳಿದಳು, "ಮಾವ, ಆ ಟೆಸ್ಟ್ ರಿಸಲ್ಟ್ ಎರಡು ವರ್ಷಕ್ಕಷ್ಟೇ ಲೆಕ್ಕ. ಜನವರಿಗೆ ಮುಗ್ದೋಗುತ್ತೆ."

ಇದೆಂಥ ಅನ್ಯಾಯ, ನೀವೇ ಹೇಳಿ. ಇಡ್ಲಿ ಹಿಟ್ಟು ಹಳಸುತ್ತದೆ, ಒಪ್ಪೋಣ. ಕಲಿತ ಭಾಷೆ ಹಳಸುತ್ತದೆಯೆ? ನನ್ನ ಎಸ್ಸೆಸ್ಸೆಲ್ಸಿ ಇಷ್ಟು ವರ್ಷವಾದರೂ ಚಲಾವಣೆಯಲ್ಲಿದೆ, ಅದರಲ್ಲಿ ಪಾಸಾದ ಬೀಜಗಣಿತ ಒಂದಕ್ಷರವೂ ತಲೆಯಲ್ಲಿ ಉಳಿದಿಲ್ಲ. ಇವಳೋ ನಿದ್ದೆಯಲ್ಲೂ ಕೊರಿಯನ್ ಮಾತಾಡುತ್ತಾಳೆ, ಇವಳ ಕಾಗದಕ್ಕೆ ಎರಡೇ ವರ್ಷ ಆಯಸ್ಸು! ಬಸ್ಸಿನಲ್ಲಿ ಪಕ್ಕ ಕೂತವರಿಗೂ ಈ ಅನ್ಯಾಯವನ್ನು ವಿವರಿಸಿ, ಒಂದು ನಿಲ್ದಾಣ ಮೊದಲೇ ಅವರು ಇಳಿದು ಹೋಗುವಂತೆ ಮಾಡಿದ್ದೇನೆ.

ಮತ್ತೆ ಚೆನ್ನೈ, ಮತ್ತೆ ಪರೀಕ್ಷೆ. ಫಲಿತಾಂಶ: ನಾಲ್ಕು. ಅದೇ ನಾಲ್ಕು! ಹಾಗಿದ್ದರೆ ನಡುವೆ ಹಳಸಿದ್ದೇನು ಎಂದು ನಾನು ಅಕ್ಕನ ಮನೆಯ ಹಜಾರದಲ್ಲಿ ನಿಂತು ಕೂಗಾಡಿದೆ. ಹೇಮಾ ಒಂದೇ ಮಾತು ಹೇಳಿದಳು: "ಮಾವ, ಇನ್ಮೇಲೆ ನನ್ ಪೇಪರ್ ನಾನೇ ನೋಡ್ಕೋತೀನಿ." ಅದು ನಾಟಿತು. ನಾಟಿದ್ದಕ್ಕೆ ಇನ್ನೂ ಜೋರಾಗಿ ಕೂಗಾಡಿದೆ.

ಮುಂದಿನ ವರ್ಷ ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ ಸಿಗಲಿಲ್ಲ. ಭಾಷೆಯ ಮಟ್ಟ ಸರಿಯಿದ್ದರೆ ವಿದ್ಯಾರ್ಥಿಗಳಿಗೆ ಅಲ್ಲಿ ಬಿಡುವಿನ ವೇಳೆ ಕೆಲಸ ಮಾಡಲು ಅನುಮತಿ ಕೊಡುತ್ತಾರೆ. ಹೇಮಾ ಎರಡು ವರ್ಷ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದುಕೊಂಡು ಓದಿದಳು. ಈಗ ಅಲ್ಲೇ ಒಂದು ಕಂಪನಿಯಲ್ಲಿ ಅನುವಾದದ ಕೆಲಸ, ಚೆನ್ನಾಗಿದ್ದಾಳೆ. ನಾನು ಮದುವೆ, ಮುಂಜಿ, ನಾಮಕರಣ ಎಲ್ಲ ಕಡೆಯೂ ಇಸ್ತ್ರಿಪೆಟ್ಟಿಗೆಯ ಕಥೆ ಹೇಳಿ ಜನರನ್ನು ನಗಿಸುತ್ತ ಬಂದೆ. ಕಥೆಯಲ್ಲಿ ಗುಮಾಸ್ತ ಮೂರ್ಖ, ಪೊಲೀಸ್ ಮೂರ್ಖ, ಎರಡು ವರ್ಷದ ನಿಯಮ ಮಾಡಿದವನು ಮಹಾಮೂರ್ಖ.

ಮೊನ್ನೆ ಆ ಅಂಗಡಿಯವನಿಗೂ ಹೆಂಗಸಿಗೂ ಅದೇ ಕಥೆ ಹೇಳಿದೆ. ಇಬ್ಬರೂ ನಕ್ಕರು. ಆಕೆ ಪತ್ರವನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ಪಾಪ, ಆ ಹುಡುಗಿ ಏನಂದ್ಳು ಸಾರ್, ನೀವ್ ಸಾರಿ ಕೇಳ್ದಾಗ?" ಎಂದರು. ನಾನು ಸಾರಿ ಕೇಳಿದ್ದರೆ ತಾನೆ.

ಮನೆಗೆ ಬಂದವನೇ ಹೇಮಾಳಿಗೆ ಫೋನು ಮಾಡಿದೆ. ಯಾಕೆ ಮಾವ ಈ ಹೊತ್ತಲ್ಲಿ, ಎಲ್ಲರೂ ಚೆನ್ನಾಗಿದ್ದೀರಾ ಎಂದು ಗಾಬರಿಯಾದಳು. "ಚೆನ್ನಾಗಿದೀವಮ್ಮ. ಆ ಸರ್ಟಿಫಿಕೇಟಿನ ವಿಷಯ... ನನ್ನಿಂದ ತಪ್ಪಾಯ್ತು ಕಣಮ್ಮ" ಎಂದೆ.

"ಅರ್ಜಿ ಲಾಸ್ಟ್ ಡೇಟ್ ಮುಗಿದ ದಿನ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ ಮಾವ," ಎಂದಳು, "ನೀವು ಹೊರಗಡೆ ಜೋರಾಗಿ ಎಲ್ರನ್ನೂ ಬೈತಾ ಇದ್ರಿ. ನಿಮಗೆ ಕೇಳಿಸ್ಲಿಲ್ಲ."