ಅಜ್ಜಿ ಬಿಟ್ಟ ಚುಕ್ಕಿ

ಅವರು ಆ ಫೋಟೋವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕ್ಯಾಂಟೀನಿಗೆ ತಂದಿದ್ದರು. ಮೇಜನ್ನು ತೋಳಿನಿಂದ ಒರೆಸಿ ನನ್ನ ತಟ್ಟೆಯ ಪಕ್ಕ ಇಟ್ಟರು. ಗಿಡ್ಡ ಮನುಷ್ಯನೊಬ್ಬ ಮೀನಿನ ಪೀಪಾಯಿಗಳ ಮುಂದೆ ಕೈ ಇಳಿಬಿಟ್ಟು ನಿಂತಿದ್ದ. ಮೈಗೆ ಬಿಗಿಯಾಗಿ ಅಂಟಿದ ದಪ್ಪ ಸ್ವೆಟರು.

"ನಮ್ಮ ತಾತ. ಅಮ್ಮನ ಅಪ್ಪ. ಸ್ಕಾಟ್ಲೆಂಡಿನ ಮೀನುಗಾರರು. ಇದರ ಟ್ಯಾಟೂ ನನ್ನ ಕೈಮೇಲೆ ಬೇಕು, ಚಿತ್ರ ನೀನು ಬರೆದುಕೊಡು ಗರ್ಲ್."

ಐರ್ಲೆಂಡಿನ ಈ ಕಾರ್ಕಿನ ಗಂಡಸರು ಯಾವ ವಯಸ್ಸಿನ ಹೆಂಗಸನ್ನಾದರೂ ಹಾಗೆಯೇ ಕರೆಯುತ್ತಾರೆ. ನನಗೆ ನಲವತ್ತು ಹತ್ತಿರವಾಗಿತ್ತು, ಅವರಿಗೆ ಅರವತ್ತು.

"ತಾತನ ಮುಖ ಬರೆಯೋಕೆ ನಂಗೆ ಬರಲ್ಲ" ಎಂದೆ.

"ಆ ಮುಖ ಯಾರಿಗೆ ಬೇಕು? ಸ್ವೆಟರ್ ನೋಡು. ಅಜ್ಜಿ ಹೆಣೆದದ್ದು."

ಲಿಟಲ್ ಐಲ್ಯಾಂಡಿನ ಒಂದು ಔಷಧಿ ಕಾರ್ಖಾನೆಯಲ್ಲಿ ನಾವಿಬ್ಬರೂ ಆರು ವರ್ಷ ಜೊತೆಗಿದ್ದೆವು. ಅವರು ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು, ನಾನು ಮಾತ್ರೆಗಳ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೆ. ನನಗೆ ಚಿತ್ರ ಬರುತ್ತದೆ ಎಂದು ಅವರು ತಿಳಿದದ್ದು ಒಂದು ದೀಪಾವಳಿಗೆ. ನಮ್ಮವರೆಲ್ಲ ಸೇರಿ ಕ್ಯಾಂಟೀನಿನ ಬಾಗಿಲಲ್ಲಿ ಚುಕ್ಕಿ ರಂಗೋಲಿ ಹಾಕಿದ್ದೆವು. ಅರ್ಧ ಗಂಟೆಯೊಳಗೆ ಯಾರೋ ಅದರ ಪಕ್ಕದಲ್ಲಿ 'ಜಾರುತ್ತದೆ, ಎಚ್ಚರ' ಎಂಬ ಹಳದಿ ಫಲಕ ತಂದಿಟ್ಟರು. ಇಟ್ಟದ್ದು ಇವರೇ. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದರು. "ನಮ್ಮಜ್ಜಿಯ ಲೆಕ್ಕವೂ ಹೀಗೇ ಇತ್ತು" ಎಂದಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ.

ಫೋಟೋ ದೊಡ್ಡದು ಮಾಡಿ ನೋಡಿದಾಗ ಅರ್ಥವಾಯಿತು. ಸ್ವೆಟರಿನ ಎದೆಯ ಮೇಲೆ ಅಡ್ಡಡ್ಡಕ್ಕೆ ಸಾಲಾಗಿ ವಜ್ರದ ಆಕಾರಗಳು. ಪ್ರತಿ ವಜ್ರದ ಒಳಗೂ ಉಬ್ಬಿದ ಹೆಣಿಗೆಯ ಗಂಟುಗಳು, ಚುಕ್ಕಿ ಇಟ್ಟ ಹಾಗೆ. ಅವರ ಅಜ್ಜಿ ಬರೆದಿಟ್ಟುಕೊಳ್ಳದೆ, ಎಣಿಸಿ ಎಣಿಸಿ ಹೆಣೆಯುತ್ತಿದ್ದರಂತೆ. ಒಂದೊಂದು ಮನೆಯ ಹೆಣಿಗೆಗೆ ಒಂದೊಂದು ಗುರುತು. ಸಮುದ್ರದಲ್ಲಿ ಸತ್ತವನು ಎಲ್ಲಿ ದಡಕ್ಕೆ ಬಂದರೂ ಸ್ವೆಟರ್ ನೋಡಿ ಯಾವ ಮನೆಯವನೆಂದು ಗುರುತಿಸಬಹುದು ಎಂದು ಆ ಊರಿನವರು ನಂಬಿದ್ದರಂತೆ. "ಕಟ್ಟುಕತೆ ಇರಬಹುದು. ಆದರೆ ಅಜ್ಜಿ ಅದನ್ನ ನಂಬಿಯೇ ಹೆಣೆದದ್ದು" ಎಂದರು.

ಅಂದು ಸಂಜೆ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮ ನಕ್ಕಳು.

"ಗಂಡಸಿಗೆ ಹಚ್ಚೆ ಬರೀತೀಯೇನೇ? ಅದೂ ಬಿಳೀ ಗಂಡಸಿಗೆ."

"ನಾನು ಬರಿಯೋದು ಪೇಪರ್ ಮೇಲಮ್ಮ. ಚುಚ್ಚೋರು ಬೇರೆ ಇದಾರೆ."

"ನಿಮ್ಮಜ್ಜಿ ಕೈಯಲ್ಲಿ ಹಚ್ಚೆ ಇತ್ತಲ್ಲ, ನೆನಪಿದ್ಯಾ? ಚಿನ್ನ, ಸೀರೆ ಎಲ್ಲಾ ಇಲ್ಲೇ ಬಿಚ್ಚಿಡ್ಬೇಕು, ಸತ್ತ ಮೇಲೆ ಜೊತೆಗೆ ಬರೋದು ಹಚ್ಚೆ ಒಂದೇ ಅಂತ ಹೇಳ್ತಿದ್ರು."

ಮರುದಿನ ಈ ಮಾತನ್ನು ಅವರಿಗೆ ಹೇಳಿದೆ. ಅವರಿಗೆ ಎಷ್ಟು ಹಿಡಿಸಿತೆಂದರೆ ಕ್ಯಾಂಟೀನಿನಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಅದು ತಮ್ಮದೇ ಮಾತೆಂಬಂತೆ ಹೇಳಿದರು.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಚರ್ಮದ ಮೇಲೆ ಚುಕ್ಕಿಗಳು ತೀರ ಹತ್ತಿರವಿದ್ದರೆ ವರ್ಷಗಳು ಕಳೆದಂತೆ ಶಾಯಿ ಹರಡಿ ಎಲ್ಲ ಕೂಡಿಕೊಂಡುಬಿಡುತ್ತವೆ ಎಂದು ಟ್ಯಾಟೂ ಹಾಕುವವಳು ಹೇಳಿ ಕಳಿಸಿದ್ದಳು. ಸ್ವೆಟರಿನಲ್ಲಿದ್ದಷ್ಟು ಗಂಟುಗಳನ್ನು ಇಡುವಂತಿರಲಿಲ್ಲ. ರಂಗೋಲಿಯ ಲೆಕ್ಕಕ್ಕೆ ಇಳಿಸಿದೆ: ನಡುಸಾಲಿನಲ್ಲಿ ಐದು, ಅದರ ಮೇಲೂ ಕೆಳಗೂ ಮೂರು, ತುದಿಗೆ ಒಂದೊಂದು. ಹಾಗೆ ಐದು ವಜ್ರ, ಎಡ ಮುಂಗೈಯ ಒಳಬದಿಗೆ. ಗ್ರಾಫ್ ಹಾಳೆಯಲ್ಲಿ ಹತ್ತಾರು ಸಲ ಬರೆದೆ. ಇಸ್ತ್ರಿ ಮಾಡುತ್ತಾ ನಿಂತಿದ್ದ ನನ್ನ ಗಂಡ ಇಣುಕಿ ನೋಡಿ, "ಪರೀಕ್ಷೆಗೂ ನೀನು ಇಷ್ಟು ಓದಿರ್ಲಿಲ್ಲ ಬಿಡು" ಎಂದ.

ಫೋಟೋದ ಸ್ವೆಟರಿನಲ್ಲಿ, ಎರಡನೆಯ ವಜ್ರದಲ್ಲಿ ಒಂದು ಗಂಟು ಇರಲಿಲ್ಲ. ನನ್ನ ಚಿತ್ರದ ಲೆಕ್ಕಕ್ಕೆ ಅದು ನಡುಸಾಲಿನಲ್ಲಿ, ಎಡದಿಂದ ನಾಲ್ಕನೆಯದು. ಹಳೆಯ ಫೋಟೋ, ಅಲ್ಲಿ ಬಣ್ಣ ಉದುರಿರಬೇಕು, ಇಲ್ಲವೇ ಉಣ್ಣೆ ಸವೆದಿರಬೇಕು ಎಂದುಕೊಂಡೆ. ಚಿಕ್ಕವಳಿದ್ದಾಗ ಒಂದು ಚುಕ್ಕಿ ತಪ್ಪಿದರೆ ಅಮ್ಮ ಇಡೀ ರಂಗೋಲಿಯನ್ನು ನೀರೆರಚಿ ಗುಡಿಸಿ, ಮತ್ತೆ ಮೊದಲಿನಿಂದ ಹಾಕಿಸುತ್ತಿದ್ದಳು. ಯೋಚನೆ ಮಾಡದೆ ಕೈ ತಾನೇ ಆ ಚುಕ್ಕಿ ಇಟ್ಟುಬಿಟ್ಟಿತು. ಗುರುವಾರ ಚಿತ್ರವನ್ನು ಅವರ ಫೋನಿಗೆ ಕಳಿಸಿದೆ. ಅವರು ಟ್ಯಾಟೂಗೆ ಹೆಸರು ಬರೆಸಿದ್ದು ಮುಂದಿನ ವಾರದ ಶುಕ್ರವಾರಕ್ಕೆ.

ನಡುವಿನ ಶನಿವಾರ ಇಬ್ಬರಿಗೂ ಬೆಳಗಿನ ಪಾಳಿ ಇತ್ತು. ನಮ್ಮ ಕಾರನ್ನು ಗಂಡ ತೆಗೆದುಕೊಂಡು ಹೋಗಿದ್ದರಿಂದ ಅವರು ನನ್ನನ್ನು ಮನೆಗೆ ಬಿಡುವುದಾಗಿ ಹೇಳಿದರು. ದಾರಿಯಲ್ಲಿ ಚಿಪ್ಸ್ ಕಟ್ಟಿಸಿಕೊಂಡು ಸಮುದ್ರದ ಕಡೆಗೆ ತಿರುಗಿಸಿದರು. ನೀರಿನೊಳಕ್ಕೆ ಚಾಚಿದ ಹಳೆಯ ಕಲ್ಲಿನ ಕಟ್ಟೆ, ಪಕ್ಕದಲ್ಲಿ ದೋಣಿ ಇಳಿಸುವ ಇಳಿಜಾರು. ಬಿಸಿಲಿತ್ತು. ಗಾಳಿ ಜೋರಿತ್ತು, ಆದರೆ ಇಲ್ಲಿ ಗಾಳಿ ಇಲ್ಲದ ದಿನ ಯಾವುದು? ಕಟ್ಟೆಯ ಮೇಲೆ ಕುಳಿತು ತಿಂದೆವು. ಅವರು ಫೋನ್ ತೆಗೆದು ಚಿತ್ರ ನೋಡಿದರು. ಬೆರಳಿನಿಂದ ಹಿಗ್ಗಿಸಿ ಮತ್ತೆ ನೋಡಿದರು.

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅಜ್ಜಿಗಿಂತ ನೀನೇ ಚೆನ್ನಾಗಿ ಮಾಡಿದೀಯ. ಅದೇ ತೊಂದರೆ." ಎರಡನೆಯ ವಜ್ರದ ಮೇಲೆ ಬೆರಳಿಟ್ಟರು. "ಇಲ್ಲಿ ಒಂದು ಇರಬಾರದು."

"ಅದು ತಪ್ಪಿಹೋಗಿತ್ತು ಅಂತ ನಾನೇ ತುಂಬಿದೆ."

"ಅವಳು ಹೆಣೆದ ಎಲ್ಲಾ ಸ್ವೆಟರಿನಲ್ಲೂ ಅದೇ ಜಾಗದಲ್ಲಿ ಅದು ತಪ್ಪಿಹೋಗಿರ್ತಿತ್ತು ಗರ್ಲ್. ತಾತನದು, ಮಾವಂದಿರದು, ಎಲ್ಲಾ. ಆ ವಿನ್ಯಾಸವನ್ನ ಊರಲ್ಲಿ ಇನ್ನೂ ನಾಲ್ಕು ಮನೆಯವರು ಹೆಣೀತಿದ್ರು. ಅದೊಂದು ಖಾಲಿ ಜಾಗ ಇದ್ದರೆ ಮಾತ್ರ ಅದು ನಮ್ಮದು." ಆಮೇಲೆ ನನ್ನ ಮುಖ ನೋಡಿ ನಕ್ಕರು. "ಅಳಬೇಡ ಮತ್ತೆ. ಸೋಮವಾರ ಆ ಚುಕ್ಕಿ ತೆಗೆದುಕೊಡು, ಗ್ರ್ಯಾಂಡ್, ಎಲ್ಲಾ ಸರಿಹೋಗುತ್ತೆ. ಅಜ್ಜಿ ಬಿಟ್ಟಿದ್ದನ್ನ ನೀನು ತುಂಬಬೇಡ, ಅಷ್ಟೇ. ಇರು, ಕೈಯೆಲ್ಲಾ ಎಣ್ಣೆ, ತೊಳ್ಕೊಂಡು ಬರ್ತೀನಿ."

ಇಳಿಜಾರಿನ ಕೆಳಗಿನ ಅರ್ಧ ಹಸಿರು ಪಾಚಿಯಿಂದ ಮುಚ್ಚಿತ್ತು. ಅವರು ಹುಟ್ಟಿದಾಗಿನಿಂದ ಇಂಥ ಇಳಿಜಾರುಗಳನ್ನು ಹತ್ತಿ ಇಳಿದವರು. ಬಗ್ಗಿ ಕೈ ತೊಳೆಯುವುದನ್ನು ನೋಡಿದೆ. ಚಿಪ್ಸ್ ಕಾಗದವನ್ನು ಮಡಚಲು ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಅಲೆ ಇಳಿಜಾರಿನ ತುದಿಯವರೆಗೂ ಬಂದಿತ್ತು, ಅದು ಹಿಂದಕ್ಕೆ ಹೋದಾಗ ಅವರು ಅಲ್ಲಿರಲಿಲ್ಲ.

ನನಗೆ ಈಜು ಬರುವುದಿಲ್ಲ. ಕಟ್ಟೆಯ ಮೇಲೆ ಕಂಬಕ್ಕೆ ತೂಗುಹಾಕಿದ, ಮುಳುಗುವವರಿಗೆ ಎಸೆಯುವ ಹಗ್ಗ ಕಟ್ಟಿದ ಲೈಫ್ ರಿಂಗ್ ಇತ್ತು. ಅದನ್ನು ತೆಗೆದುಕೊಂಡು ಇಳಿಜಾರಿಗೆ ಓಡಿದೆ, ಜಾರಿ ಬಿದ್ದೆ, ಮುಂದಿನ ಅಲೆ ಸೊಂಟದವರೆಗೂ ಹಿಡಿದೆಳೆಯಿತು. ದೋಣಿ ಕಟ್ಟುವ ಕಬ್ಬಿಣದ ಉಂಗುರವೊಂದು ಕೈಗೆ ಸಿಕ್ಕಿತು. ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಎಸೆದೆ. ರಿಂಗ್ ನೀರಿನಲ್ಲಿ ತಲೆ ಮೇಲೆತ್ತಿದ್ದ ಅವರಿಂದ ಒಂದು ಮಾರು ಈಚೆಗೆ ಬಿತ್ತು. ಅವರು ಅದರ ಕಡೆ ಕೈ ಚಾಚಿದ್ದು ನನಗೆ ಕಂಡಿತು. ಹಗ್ಗ ಎಳೆದುಕೊಂಡೆ; ನೆನೆದ ಹಗ್ಗ ಎಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎರಡನೆಯ ಸಲ ಅದು ಸರಿಯಾಗಿ ಅವರ ಪಕ್ಕಕ್ಕೇ ಬಿತ್ತು. ಅಷ್ಟರಲ್ಲಿ ಅವರು ಕೈ ಚಾಚುವುದನ್ನು ನಿಲ್ಲಿಸಿದ್ದರು.

ನಡೆದದ್ದು ಇಷ್ಟೇ. ರಕ್ಷಣಾ ದೋಣಿ ಬಂದಿತು, ಅವರನ್ನು ಎತ್ತಿದರು, ಆಗಲೇ ತಡವಾಗಿತ್ತು. ಈಗಲೂ ಬಸ್ಸಿನಲ್ಲಿ ಕುಳಿತಾಗ, ಅಕ್ಕಿ ತೊಳೆಯುವಾಗ, ನನ್ನ ಬಲಗೈ ಆ ಮೊದಲ ಸಲದ್ದನ್ನು ಎಸೆಯುತ್ತಲೇ ಇರುತ್ತದೆ. ಉಂಗುರ ಬಿಟ್ಟು ಎರಡೂ ಕೈಯಿಂದ ಎಸೆದಿದ್ದರೆ ಒಂದು ಮಾರು ಹೆಚ್ಚು ಹೋಗುತ್ತಿತ್ತೇ? ಬಿಟ್ಟಿದ್ದರೆ ನಾನೂ ಹೋಗುತ್ತಿದ್ದೆ ಎಂದು ಪೊಲೀಸಿನವರು ಹೇಳಿದರು. ಹೇಳಿಕೆ ಬರೆದುಕೊಳ್ಳುವಾಗ ಅವರು ಕೇಳಿದರು, ಅದಕ್ಕೆ ಮುಂಚೆ ಏನು ಮಾತಾಡುತ್ತಿದ್ದಿರಿ ಎಂದು. ಒಂದು ಚಿತ್ರದ ಬಗ್ಗೆ ಎಂದೆ.

ಇಲ್ಲಿ ಸತ್ತವರನ್ನು ಮನೆಯಲ್ಲಿ ಮಲಗಿಸಿ, ಬಂದವರಿಗೆಲ್ಲ ಚಹಾ, ಸ್ಯಾಂಡ್‌ವಿಚ್ ಕೊಡುತ್ತಾರೆ. ಮಂಗಳವಾರ ನಾನೂ ಗಂಡನೂ ಹೋದೆವು. ಅವರು ನೀಲಿ ಸೂಟಿನಲ್ಲಿ ಮಲಗಿದ್ದರು. ಸೂಟಿನ ತೋಳು ಮಣಿಕಟ್ಟಿನವರೆಗೂ ಮುಚ್ಚಿತ್ತು, ಅದರೊಳಗಿನ ಕೈಮೇಲೆ ಏನೂ ಬರೆದಿರಲಿಲ್ಲ. ಜೊತೆಗೆ ಹೋಗಬೇಕಾಗಿದ್ದದ್ದು ಹೋಗಲಿಲ್ಲ. ಅವರಿಗಿದ್ದವಳು ಒಬ್ಬಳೇ ಮಗಳು, ಇಪ್ಪತ್ತಾರು ವರ್ಷದವಳು. ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಳು.

"ನೀವು ಬರೆದದ್ದು ಅಪ್ಪನ ಫೋನಿನಲ್ಲಿದೆ. ಶುಕ್ರವಾರದ ಅಪಾಯಿಂಟ್‌ಮೆಂಟ್ ನಾನು ಕ್ಯಾನ್ಸಲ್ ಮಾಡಲ್ಲ. ನಾನೇ ಹಾಕಿಸಿಕೊಳ್ತೀನಿ, ಅಪ್ಪನಿಗೆ ಹೇಗೆ ಬೇಕಿತ್ತೋ ಹಾಗೇ. ಹೋಗೋ ಮುಂಚೆ ಸಿಗಿ, ಅದರ ಬಗ್ಗೆ ಹೇಳಿ. ನಂಗೆ ಏನೂ ಗೊತ್ತಿಲ್ಲ."

ನಾನು ತಲೆಯಾಡಿಸಿದೆ. ಅವಳನ್ನು ಯಾರೋ ಅಡುಗೆಮನೆಗೆ ಕರೆದರು. ನನ್ನ ಗಂಡ ಬಾಗಿಲ ಕಡೆ ನೋಡಿದ. ಸಾವಿನ ಮನೆಯಿಂದ ಹೊರಡುವಾಗ ಹೇಳಿ ಹೋಗಬಾರದು, 'ಬರ್ತೀನಿ' ಅನ್ನಬಾರದು, ಸುಮ್ಮನೆ ಎದ್ದು ನಡೆದು, ಮನೆಗೆ ಹೋಗಿ ಸ್ನಾನ ಮಾಡಬೇಕು. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ. ಚುಕ್ಕಿ ಇಟ್ಟ ಹಾಗೆಯೇ, ಕಾಲು ತಾನೇ ಎದ್ದಿತು. ಕಾರು ಮುಖ್ಯ ರಸ್ತೆಗೆ ಬಂದ ಮೇಲೆ ಹೇಳಿದೆ.

"ಅವಳು ಸಿಗಿ ಅಂದಿದ್ದಳು."

"ಈಗ ವಾಪಸ್ ಹೋಗೋಕಾಗುತ್ತಾ? ಮೆಸೇಜ್ ಹಾಕು."

ಮೆಸೇಜ್ ಬರೆದೆ, ಅಳಿಸಿದೆ. ನಿಮ್ಮ ಅಪ್ಪನ ಚಿತ್ರ ತಪ್ಪಾಗಿದೆ ಎಂದು ಮಣ್ಣು ಮಾಡುವ ಹೊತ್ತಿನಲ್ಲಿ ಹೇಗೆ ಬರೆಯುವುದು? ಸರಿಯಾದದ್ದನ್ನೇ ಬರೆದು ಕಳಿಸೋಣ ಎಂದು ಹಾಳೆ ಹರವಿದೆ. ಮೊದಲ ಚುಕ್ಕಿ ಇಟ್ಟು ಪೆನ್ನು ಕೆಳಗಿಟ್ಟೆ. ಪೆನ್ನು ಹಿಡಿದರೆ ಬೆರಳುಗಳಿಗೆ ಆ ಕಬ್ಬಿಣದ ಉಂಗುರದ ತಂಪು ಬರುತ್ತಿತ್ತು. ಇದ್ದ ಚಿತ್ರದಲ್ಲೇ ಒಂದು ಚುಕ್ಕಿ ಅಳಿಸಿ ಕಳಿಸಿದ್ದರೂ ಸಾಕಿತ್ತು, ಎರಡು ನಿಮಿಷದ ಕೆಲಸ. ಅದು ನನಗೆ ಹೊಳೆದದ್ದು ಭಾನುವಾರ. ಅಮ್ಮನಿಗೆ ಫೋನ್ ಮಾಡಿದೆ.

"ಸಾವಿನ ಮನೇಲಿ ರಂಗೋಲಿ ಹಾಕ್ಬಾರ್ದು ನಿಜ" ಎಂದಳು. "ಆದ್ರೆ ಇದು ರಂಗೋಲಿ ಅಲ್ವಲ್ಲೇ. ಆ ಹುಡುಗಿಗೆ ಹೇಳ್ಬೇಕಿತ್ತು ನೀನು."

"ಶುಕ್ರವಾರ ಆಗೋಯ್ತಮ್ಮ."



ಸತ್ತು ತಿಂಗಳಾದಾಗ ಇಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸುತ್ತಾರೆ, ನಮ್ಮ ಮಾಸಿಕದ ಹಾಗೆ. ಆಮೇಲೆ ಪಕ್ಕದ ಸಭಾಂಗಣದಲ್ಲಿ ಚಹಾ. ಮಗಳು ನನ್ನನ್ನು ಮೂಲೆಯ ಕುರ್ಚಿಗೆ ಕರೆದುಕೊಂಡು ಹೋದಳು. ಅಂದು ಯಾಕೆ ಹೇಳದೆ ಹೋದಿರಿ ಎಂದು ಅವಳು ಕೇಳಲಿಲ್ಲ. ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ಗಾಯ ಪೂರ್ತಿ ಆರಿತ್ತು. ಐದು ವಜ್ರ, ಒಂದೊಂದಕ್ಕೂ ಹದಿಮೂರು ಚುಕ್ಕಿ. ಒಂದೂ ತಪ್ಪಿರಲಿಲ್ಲ. ಅಮ್ಮ ನೋಡಿದ್ದರೆ ಮೆಚ್ಚುತ್ತಿದ್ದಳು.

"ಸರಿಯಾಗಿ ಬಂದಿದೆಯಾ?"

"ನಾನು ಕಳಿಸಿದ ಹಾಗೇ ಬಂದಿದೆ."

ಅವಳು ತೋಳು ಬಿಡಿಸಿರಲಿಲ್ಲ. "ನಿಮ್ಮನ್ನ ಒಂದು ಕೇಳಬೇಕಿತ್ತು. ಅಪ್ಪ ಕೊನೆಗೆ ಏನು ಮಾತಾಡ್ತಿದ್ರು? ಪೊಲೀಸಿನವರು ಚಿತ್ರದ ಬಗ್ಗೆ ಅಂದರು. ಅಷ್ಟೇ ಅಂದರು. ಏನಾದ್ರೂ ಹೇಳಿರ್ತಾರಲ್ಲ. ಒಂದು ಮಾತಾದರೂ."

ಚೆನ್ನಾಗಿದೆ ಎಂದರು, ಅಷ್ಟೇ, ಎಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವರ ಕೊನೆಯ ಮಾತುಗಳನ್ನು ಕೇಳಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ. ಅವು ಅವಳಿಗೆ ಸೇರಬೇಕಾದ ಮಾತುಗಳು, ನನ್ನ ಬಳಿ ಉಳಿದುಬಿಟ್ಟಿದ್ದವು. ಅವನ್ನು ಕೊಡದೆ ಇಟ್ಟುಕೊಂಡರೆ ಅವಳ ಕೈ ಸರಿಯಾಗಿರುತ್ತದೆ. ಕೊಟ್ಟರೆ ಆ ಕೈಯನ್ನು ಅವಳು ಜೀವನವಿಡೀ ನೋಡಬೇಕು.

ಹೇಳಿದೆ. ಅವರ ಮಾತಿನಲ್ಲೇ, ಒಂದೂ ಬಿಡದೆ. ಅಜ್ಜಿಗಿಂತ ಚೆನ್ನಾಗಿ ಮಾಡಿದೀಯ ಎಂದದ್ದು, ಖಾಲಿ ಜಾಗ ಇದ್ದರೆ ಮಾತ್ರ ನಮ್ಮದು ಎಂದದ್ದು, ಅಳಬೇಡ ಮತ್ತೆ ಎಂದದ್ದು. ಕೈಯೆಲ್ಲಾ ಎಣ್ಣೆ ಎಂದದ್ದು.

ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೊಂದು ಸಲ ಹೇಳಿ" ಎಂದಳು. ಎರಡನೆಯ ಸಲ ಹೇಳುವಾಗ ನನಗೆ ಗೊತ್ತಿಲ್ಲದೆ ಅವರ ಧಾಟಿ ಬಂದುಬಿಟ್ಟಿತು. ಅವಳು ನಕ್ಕಳು. ನಗುತ್ತಿದ್ದ ಹಾಗೆಯೇ ಅವಳಿಗೆ ಅಳು ಒತ್ತರಿಸಿತು. ನಾನು ಕ್ಷಮೆ ಕೇಳಲು ಹೋದೆ, ಬೇಡವೆಂದು ತಲೆಯಾಡಿಸಿದಳು.

"ಯಾವುದು?" ಎಂದಳು ಆಮೇಲೆ.

ಎರಡನೆಯ ವಜ್ರ, ನಡುಸಾಲು, ಎಡದಿಂದ ನಾಲ್ಕನೆಯದು. ನಾನು ಮುಟ್ಟಿ ತೋರಿಸಿದೆ. ಚರ್ಮ ಬೆಚ್ಚಗಿತ್ತು.

"ಇದನ್ನ ತೆಗೆಯೋಕಾಗಲ್ಲ, ಅಲ್ವಾ?"

"ಲೇಸರ್ ಹೊಡೆಸಿದ್ರೂ ಗುರುತು ಉಳಿಯುತ್ತಂತೆ."

ಹಾಕಿಸುವುದು ಸುಲಭ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಅವರ ಕಡೆಯ ವಯಸ್ಸಾದ ಹೆಂಗಸೊಬ್ಬರು ಚಹಾದ ಬಟ್ಟಲು ಹಿಡಿದು ಬಂದು, ಎಲ್ಲಿ, ಅಪ್ಪನಿಗಾಗಿ ಹಾಕಿಸಿಕೊಂಡದ್ದು ತೋರಿಸು ಎಂದರು. ಅವಳು ಕೆನ್ನೆ ಒರೆಸಿಕೊಂಡು ಎಡಗೈ ಮುಂದೆ ಹಿಡಿದಳು. ಬಲಗೈಯ ಬೆರಳ ತುದಿಯನ್ನು ಆ ಒಂದು ಚುಕ್ಕಿಯ ಮೇಲಿಟ್ಟು, ಒತ್ತಿ ಮುಚ್ಚಿ, ಉಳಿದದ್ದನ್ನು ತೋರಿಸಿದಳು.