ಪೂಜೆಯ ಬಣ್ಣ ಮತ್ತು ಸೋರುವ ಡಬ್ಬಿ

ಎಲ್ಲಿಯಾದರೂ ಎಣ್ಣೆ ತೊಟ್ಟಿಕ್ಕುವುದನ್ನು ಕಂಡರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಡುಗೆಮನೆಯ ಎಣ್ಣೆ ಡಬ್ಬಿಯ ತಳ ಜಿಡ್ಡಾಗಿದ್ದರೂ ಸಾಕು, ಎತ್ತಿ ತಿರುಗಿಸಿ ನೋಡಲೇಬೇಕು. ‘ಬಿಡ್ರಿ, ಅದೇನ್ ನಿಮ್ಮ ಚೈನ್ ಟ್ರ್ಯಾಕ್ಟರ್ ಅಲ್ಲ’ ಎಂದು ಹೆಂಡತಿ ಛೇಡಿಸುತ್ತಾಳೆ. ಅವಳಿಗೆ ಅರ್ಧ ಕಥೆಯಷ್ಟೇ ಗೊತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಬಳಿ ಒಂದು ಹಳೆಯ ಚೈನ್ ಟ್ರ್ಯಾಕ್ಟರ್ ಇತ್ತು. ಗಾಲಿಯ ಬದಲು ಕಬ್ಬಿಣದ ಚೈನು, ಮುಂದೆ ಮಣ್ಣು ತಳ್ಳುವ ಹಲಗೆ; ವಯಸ್ಸಿನಲ್ಲಿ ನನಗಿಂತ ಹಿರಿಯದು. ರಾಯಬಾಗ, ಅಥಣಿ, ಕಾಗವಾಡದ ಕಡೆ ಏರುತಗ್ಗಿನ ಹೊಲಗಳನ್ನು ಸಪಾಟು ಮಾಡಿಕೊಡುವುದೇ ನನ್ನ ಉದ್ಯೋಗ. ಪ್ರತಿ ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅದನ್ನು ತೊಳೆದು, ಹಳದಿ ಬಣ್ಣ ಹೊಡೆದು, ಕಾಯಿ ಒಡೆಯುತ್ತಿದ್ದೆ. ಆ ವರ್ಷ ಹುರುಪು ಜಾಸ್ತಿಯಾಗಿತ್ತು. ಎಣ್ಣೆ ಸೋಸುವ ಫಿಲ್ಟರಿನ ಡಬ್ಬಿಯನ್ನೂ ಬಿಚ್ಚಿ, ಅದು ಕೂರುವ ತಲೆಭಾಗದ ಸಂದಿಗೊಂದಿಗೆಲ್ಲ ಬ್ರಷ್ ತೂರಿಸಿ ಬಣ್ಣ ಬಳಿದೆ. ಡಬ್ಬಿಯ ಅಂಚಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಹಳೆಯ ರಬ್ಬರ್ ರಿಂಗು ಎಲ್ಲೂ ಕಾಣಲಿಲ್ಲ. ತೊಳೆಯುವಾಗ ನೀರಿನಲ್ಲಿ ಕೊಚ್ಚಿಹೋಗಿರಬೇಕೆಂದುಕೊಂಡು ಹೊಸದನ್ನು ಹಾಕಿ ಡಬ್ಬಿ ಕೂರಿಸಿದೆ.

ಪೂಜೆಯಾದ ವಾರಕ್ಕೆ ಅಕ್ಕನ ಹೊಲದ ಕೆಲಸ. ಉಗಾರ ಖುರ್ದದ ಹತ್ತಿರ ಎರಡೂವರೆ ಎಕರೆ. ಅಕ್ಕನ ಗಂಡ ಸಕ್ಕರೆ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದುದರಿಂದ ಒಕ್ಕಲುತನವೆಲ್ಲ ಅವಳದೇ. ಪಾಲಿಗೆ ಬಂದ ಆ ನೆಲದಲ್ಲಿ ಮೊದಲ ಸಲ ಕಬ್ಬು ಹಚ್ಚುವವಳಿದ್ದಳು. ‘ವೈನಿ ಕಬ್ಬು ಹಚ್ಚತಾಳಂತ, ನೋಡೂಣು’ ಎಂದು ಅವಳ ಮೈದುನ ನಾಲ್ಕು ಜನರ ಮುಂದೆ ಅತ್ತಿಗೆಯನ್ನು ನೋಡಿ ನಕ್ಕಿದ್ದ. ‘ಎರಡ ದಿನದಾಗ ನೆಲಾ ತಾಟಿನಂಗ ಮಾಡಿಕೊಡತೀನಿ, ನೀ ಬೀಜ ಕಡಸು’ ಎಂದು ಎದೆ ತಟ್ಟಿ ಹೇಳಿದವನು ನಾನು. ನನ್ನ ಮಾತು ನಂಬಿ ಅಕ್ಕ ಬೀಜದ ಕಬ್ಬು ಕಡಿಸಿ, ಬೇವಿನ ಮರದ ನೆರಳಿಗೆ ಒಟ್ಟಿಸಿ, ಮೇಲೆ ಕಬ್ಬಿನ ಒಣಗಿದ ಎಲೆ, ರವದಿ ಹೊದಿಸಿದ್ದಳು. ಕಡಿದ ಬೀಜ ಎರಡು ಮೂರು ದಿನದಲ್ಲಿ ಮಣ್ಣು ಕಾಣಬೇಕು. ತಡವಾದರೆ ಗಣ್ಣಿನ ಕಣ್ಣು ಒಣಗಿ ಮೊಳಕೆ ಬರುವುದಿಲ್ಲ.

ಮೊದಲ ದಿನ ಒಂದು ತಾಸು ಕೆಲಸವಾಗಿರಲಿಲ್ಲ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಳಗಿಳಿಯಿತು. ನೋಡಿದರೆ ಫಿಲ್ಟರ್ ಡಬ್ಬಿಯ ಅಂಚಿನಿಂದ ಎಣ್ಣೆ ಇಳಿದು ಚೈನೆಲ್ಲ ಕಪ್ಪಾಗಿದೆ. ಪಾನಾ ಹಾಕಿ ಡಬ್ಬಿಯ ಬೋಲ್ಟು ಬಿಗಿದೆ. ನಿಂತಿತು. ಅರ್ಧ ತಾಸಿಗೆ ಮತ್ತೆ ಶುರು. ಮತ್ತೆ ಬಿಗಿದೆ, ಮತ್ತೆ ಸೋರಿತು. ಎಣ್ಣೆ ಖಾಲಿಯಾದರೆ ಎಂಜಿನ್ ಬಿಗಿದುಕೊಂಡು ಕೆಟ್ಟೇ ಹೋಗುತ್ತದೆ, ಹಾಗಾಗಿ ನಿಲ್ಲಿಸದೆ ಗತಿಯಿಲ್ಲ. ಅದು ನಿಂತರೆ ನನಗೆ ನಿಲ್ಲಲಾಗುತ್ತಿರಲಿಲ್ಲ. ಮರದ ತನಕ ನಡೆದೆ, ವಾಪಸ್ ಬಂದು ಬೋಲ್ಟು ಮುಟ್ಟಿದೆ, ಮತ್ತೆ ಮರದ ಕಡೆ ನಡೆದೆ. ರವದಿಗೆ ನೀರು ಚಿಮುಕಿಸುತ್ತಿದ್ದ ಅಕ್ಕ, ‘ಒಂದ ಕಡೆ ಕುಂದರೋ ತಮ್ಮಾ, ನಿನ್ನ ನೋಡಿ ನನ್ನ ತಲಿ ತಿರಗಾಕತ್ತೈತಿ’ ಎಂದಳು.

ಮರುದಿನ ಕುಡಚಿಯಿಂದ ಮಿಸ್ತ್ರಿಯನ್ನು ಕರೆಸಿದೆ. ಎಲ್ಲರೂ ಚಾಚಾ ಎನ್ನುತ್ತಿದ್ದ ಮುದುಕರು. ಡಬ್ಬಿ ಇಳಿಸಿ, ನನ್ನ ಹೊಸ ರಿಂಗು ತೆಗೆದು, ರಿಂಗು ಕೂರುವ ದುಂಡನೆಯ ಕಚ್ಚಿನಲ್ಲಿ ಬೆರಳಾಡಿಸಿದರು. ಒಂದು ಸುತ್ತು, ಮತ್ತೊಂದು ಸುತ್ತು.

‘ಕಚ್ಚು ಆಳ ಇಲ್ಲ ಬೇಟಾ. ಬಣ್ಣ ಕೆರದು ನೋಡೂಣು.’

‘ಪೂಜಾದ ಬಣ್ಣ ಐತ್ರಿ ಚಾಚಾ. ದೀಪಾವಳಿ ಪಾಡ್ಯ ಆಗೂತನಕ ನಮ್ಮ ಮನ್ಯಾಗ ಅದಕ್ಕ ಉಗುರು ಸೈತ ಹಚ್ಚೂದಿಲ್ಲ.’

ಆ ಪದ್ಧತಿ ಸುಳ್ಳಲ್ಲ. ಅಪ್ಪ ತನ್ನ ಹೊಲ ಉಳುವ ಕುಂಟೆ, ರಂಟೆಗೂ ಅದನ್ನೇ ಪಾಲಿಸುತ್ತಿದ್ದ. ಆದರೆ ಖರೆ ಹೇಳಬೇಕೆಂದರೆ, ಎರಡು ದಿನ ಕೂತು ಬಳಿದ ಬಣ್ಣ ಕೆಡಿಸಲು ನನಗೇ ಮನಸ್ಸಿರಲಿಲ್ಲ. ಚಾಚಾ ವಾದಿಸದೆ ಇನ್ನೊಂದು ಹೊಸ ರಿಂಗು ಹಾಕಿದರು. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಅದೂ ಸೋರಿತು. ನನ್ನದು ಮೂಗಿನ ತುದಿಯ ಸಿಟ್ಟು. ‘ವಯಸ್ಸಾತ್ರಿ ನಿಮಗ, ಕೈ ನಡಗಾಕತ್ತಾವ. ಇನ್ನ ಮನ್ಯಾಗ ಕುಂದರ್ರಿ’ ಎಂದುಬಿಟ್ಟೆ. ಬೀಜ ಹಚ್ಚಲು ಬಂದಿದ್ದ ಆಳುಗಳೆಲ್ಲ ಕೇಳಿಸಿಕೊಂಡರು. ಚಾಚಾ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದರು.

ಮೂರನೆಯ ದಿನವಿಡೀ ಸೋರುವಲ್ಲಿ ಒಂದು ತಗಡಿನ ಡಬ್ಬ ಕಟ್ಟಿಕೊಂಡು, ತುಂಬಿದ ಎಣ್ಣೆಯನ್ನು ಅರಿವೆಯಲ್ಲಿ ಸೋಸಿ ಮತ್ತೆ ಎಂಜಿನ್ನಿಗೆ ಸುರಿಯುತ್ತ, ಹತ್ತು ಮಾರು ಮುಂದೆ ಹೋಗಿ ನಿಲ್ಲುತ್ತ ಒದ್ದಾಡಿದೆ. ಅರ್ಧ ಹೊಲವೂ ಮುಗಿಯಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಅಕ್ಕ ರವದಿ ಸರಿಸಿ ಒಂದು ಗಣಿಕೆ ಬೀಜದ ಕಬ್ಬು ತಂದು ನನ್ನ ಮುಂದೆ ಹಿಡಿದಳು. ಗಣ್ಣಿನ ಕಣ್ಣು ಕಂದಿ ಸುಕ್ಕಾಗಿತ್ತು.

‘ಎಲ್ಲಾ ಆ ಮಿಸ್ತ್ರಿ ಮಾಡಿದ್ದು’ ಎಂದೆ.

‘ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ! ಆ ಮುದುಕ ಕೆರದು ನೋಡೂಣು ಅಂದ, ನೀ ಬಿಟ್ಟೇನು? ಬಿಚ್ಚು ಡಬ್ಬಿ.’

‘ಅಕ್ಕಾ, ಪೂಜಾದ ಬಣ್ಣ...’

‘ಪಾಪ ಬಂದರ ನನಗ ಬರಲಿ. ಬಿಚ್ಚೋ.’

ಬಿಚ್ಚಿದೆ. ಅಕ್ಕ ಕುಡಗೋಲಿನ ತುದಿಯಿಂದ ಕಚ್ಚಿನೊಳಗೆ ಕೆರೆದಳು. ಹಳದಿ ಹಕ್ಕಳೆ ಎದ್ದಿತು, ಅದರ ಕೆಳಗೆ ಕರ್ರಗೆ ಏನೋ ಕಂಡಿತು. ತುದಿ ಕೊಟ್ಟು ಮೀಟಿದಳು. ಒಡೆದ ಬಳೆಯ ಹಾಗೆ ಹಳೆಯ ರಿಂಗು ತುಂಡುತುಂಡಾಗಿ ಹೊರಗೆ ಬಂತು. ಎಣ್ಣೆ, ಕಾವು ತಿಂದು ಕಬ್ಬಿಣದಷ್ಟು ಗಟ್ಟಿಯಾಗಿತ್ತು. ಅದನ್ನೇ ಕಚ್ಚಿನ ತಳವೆಂದು ತಿಳಿದು, ಬಣ್ಣ ಬಳಿದು, ಅದರ ಮೇಲೆ ಹೊಸ ರಿಂಗು ಹೇರಿ, ಕುಂಕುಮ ಹಚ್ಚಿದ್ದೆ ನಾನು ಮಹಾಶಾಣ್ಯಾ! ಒಂದರ ಜಾಗದಲ್ಲಿ ಎರಡು ಹೇಗೆ ಕೂತಾವು? ಕಚ್ಚು ಒರೆಸಿ, ಒಂದೇ ರಿಂಗು ಹಾಕಿ ಬಿಗಿದೆ. ಹನಿ ಎಣ್ಣೆ ಹೊರಗೆ ಬರಲಿಲ್ಲ. ಆರನೆಯ ದಿನ ಬೀಜ ಮಣ್ಣು ಕಂಡಿತು.

ಮುಂದಿನ ವಾರ ರಿಂಗಿನ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ಕುಡಚಿಗೆ ಹೋದೆ. ಜೇಬಿಗೆ ಕೈ ಹಾಕುವ ಮೊದಲೇ ಚಾಚಾ, ‘ಹಳೀ ರಿಂಗು ಸಿಕ್ತೇನು?’ ಎಂದರು.

‘ನಿಮಗ ಗೊತ್ತಿತ್ತೇನ್ರಿ?’

‘ಬೆರಳಿಗೆ ಹತ್ತಿತ್ತು. ಆದರ ನಿಮ್ಮ ದೇವರ ಬಣ್ಣ, ನೀ ಬ್ಯಾಡ ಅಂದಮ್ಯಾಲ ನಾ ಹೆಂಗ ಕೆರೀಲಿ?’

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ‘ತಪ್ಪಾತ್ರಿ ಚಾಚಾ’ ಎಂದೆ. ‘ನಂದಿರಲಿ ಬಿಡು. ಅಕ್ಕಾರ ಕಬ್ಬು ಹುಟ್ಟೇತೇನು ನೋಡು’ ಎಂದರು.

ತಿಂಗಳ ಮೇಲೆ ನೋಡಲು ಹೋದೆ. ಒಂದು ಕಡೆ ಮೊಳಕೆ ಎದ್ದರೆ ನಾಲ್ಕು ಕಡೆ ಬರೀ ಮಣ್ಣು. ಬದುವಿನ ಮೇಲೆ ಮೈದುನ ನಿಂತಿದ್ದ, ಪಕ್ಕದಲ್ಲಿ ಇನ್ನಿಬ್ಬರು. ‘ಏನ್ ವೈನಿ, ನಿಮ್ಮ ತಮ್ಮನ ಮಶೀನ್ ಕೆಟ್ಟಿತ್ತಂತಲ್ಲ?’ ಎಂದ.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. ‘ಮಶೀನ್ದೇನೂ ಇಲ್ಲ. ನನಗ ತಿಳೀಲಿಲ್ಲ, ಬೀಜ ನಾನ ಜಲ್ದಿ ಕಡಸಿದ್ನಿ’ ಎಂದಳು.

‘ಅದಕ್ಕ ಹೇಳಿದ್ನಿ, ಹೆಂಗಸರ ಒಕ್ಕಲತನ ಅಂತ’ ಎಂದು ಮೈದುನ ನಕ್ಕ. ಜೊತೆಗಿದ್ದವರೂ ನಕ್ಕರು. ಚಾಚಾನ ಮೇಲೆ ಹರಿಹಾಯಲು ಕ್ಷಣ ತಡಮಾಡದ ನನ್ನ ಬಾಯಿ ಆಗ ತೆರೆಯಲೇ ಇಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು, ಹುಟ್ಟದ ಕಡೆಯಲ್ಲಿ ಹೊಸ ಬೀಜ ಊರಲು ಸಾಲಿಗೆ ಇಳಿದಳು. ನಾನು ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದೆ. ಹೆಂಡತಿಗೆ ರಿಂಗಿನ ಕಥೆ ಹೇಳಿದ್ದೇನೆ, ಇದನ್ನು ಹೇಳಿಲ್ಲ.